ರವಿವಾರ ಬಿಟ್ಟುಕೊಡದ ಅತ್ತೆ

ನಮ್ಮ ಅತ್ತೆಯ ಎಡಗಣ್ಣು ಬಲಗಣ್ಣಿಗಿಂತ ಚಿಕ್ಕದಿತ್ತು. ಹುಟ್ಟಿನಿಂದ ಬಂದದ್ದಲ್ಲ. ಒಲೆಯ ಹೊಗೆಗೆ ಹಾಗಾಯಿತು ಎಂದು ಮನೆಯವರು ಹೇಳುತ್ತಿದ್ದರು. ಕ್ಯಾಮೆರಾದ ತೂತಿಗೆ ಬಲಗಣ್ಣಿಟ್ಟು ಎಡಗಣ್ಣು ಮುಚ್ಚಿ ಮುಚ್ಚಿ ಹಾಗಾಯಿತು ಎಂದು ಅತ್ತೆ ಹೇಳುತ್ತಿದ್ದರು. ಹುಬ್ಬಳ್ಳಿಯ ನಮ್ಮ ಮನೆಗೆ ಹೆಣ್ಣು ನೋಡಲು ಬಂದ ದಿನ ನಾನು ಚಹಾದ ತಟ್ಟೆ ಹಿಡಿದು ನಿಂತಿದ್ದೆ. ಅವರು ಆ ಕಣ್ಣನ್ನು ಇನ್ನಷ್ಟು ಕಿರಿದು ಮಾಡಿ, ತಲೆ ಓರೆ ಮಾಡಿ, ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. ಮುಗಿಯಿತು ನನ್ನ ಕಥೆ, ಈಕೆಯ ಕೈಯಲ್ಲಿ ಬಾಳುವೆ ಮಾಡುವುದು ಹೇಗಪ್ಪಾ ಎಂದುಕೊಂಡೆ. ಮದುವೆಯಾಗಿ ಬಂದ ಮೇಲೆ ಗೊತ್ತಾಯಿತು, ಅವರು ಎಲ್ಲವನ್ನೂ ಹಾಗೆಯೇ ನೋಡುತ್ತಿದ್ದರು. ಸಂತೆಯ ಬದನೆಕಾಯಿಯನ್ನೂ.

ವಾಸ್ಕೋದಲ್ಲಿ ಬಂದರಿನ ಹಿಂದಿನ ಗುಡ್ಡದ ಮೇಲೆ ನಮ್ಮ ಕಡೆಯವರೇ ತುಂಬಿದ ವಸ್ತಿ. ಅಲ್ಲಿ ನಮ್ಮ ಮನೆ. ಮಾವ ಬಂದರಿನಲ್ಲಿ ಕೂಲಿಯವರ ಮುಕಾದಮರಾಗಿದ್ದರು. ಅತ್ತೆ ಮನೆಯಲ್ಲೇ ಜೋಳದ ರೊಟ್ಟಿ ಬಡಿದು ಮಾರುತ್ತಿದ್ದರು. ಹೆಂಡಿರು ಮಕ್ಕಳನ್ನು ಊರಲ್ಲಿ ಬಿಟ್ಟು ಬಂದ ಗಂಡಸರು ವಸ್ತಿಯ ತುಂಬ ಇದ್ದರು. ಅವರಿಗೆ ನಮ್ಮ ಮನೆಯ ರೊಟ್ಟಿ, ಶೇಂಗಾ ಹಿಂಡಿ, ಎಣಗಾಯಿ ಸಿಗದಿದ್ದರೆ ಗೋವಾ ಎಂದರೆ ಜೈಲೇ. ಸೋಮವಾರದಿಂದ ಶನಿವಾರದವರೆಗೆ ನಸುಕಿನಲ್ಲಿ ಶುರುವಾದ ಟಪ ಟಪ ಸದ್ದು ಮಧ್ಯಾಹ್ನದವರೆಗೂ ನಿಲ್ಲುತ್ತಿರಲಿಲ್ಲ. ರವಿವಾರ ಮಾತ್ರ ಒಲೆ ತಣ್ಣಗೆ. ಅವತ್ತು ಮನೆಯವರಿಗೂ ಹಿಂದಿನ ದಿನದ ಕಟಕು ರೊಟ್ಟಿ ಮತ್ತು ಮೊಸರು, ಬೇಕಾದರೆ ತಿನ್ನಿ, ಬೇಡವಾದರೆ ಬಿಡಿ.

ರವಿವಾರ ಅತ್ತೆ ಸೀರೆಯ ಮೇಲೆ ಮಾವನ ಹಳೆಯ ಖಾಕಿ ಅಂಗಿ ತೊಡುತ್ತಿದ್ದರು. ನಮ್ಮ ಕಡೆ ಹೊಲಕ್ಕೆ ಹೋಗುವ ಹೆಂಗಸರು ಗಂಡನ ಅಂಗಿ ತೊಡುತ್ತಾರಲ್ಲ, ಹಾಗೆ. ತಲೆಗೆ ಟವೆಲ್ ಸುತ್ತಿ, ಕೊರಳಿಗೆ ಕ್ಯಾಮೆರಾ ನೇತುಹಾಕಿಕೊಂಡು, ದಾಬೋಲಿಮ್ ಕಡೆಯ ಬಸ್ಸು ಹತ್ತಿ ಹೊರಟುಬಿಡುತ್ತಿದ್ದರು. ಚಿಖಲಿಯ ಹತ್ತಿರ ಇಳಿದು ಜುವಾರಿ ನದಿ ಸಮುದ್ರಕ್ಕೆ ಅಗಲವಾಗಿ ಬಾಯಿ ತೆರೆಯುವ ದಂಡೆಗೆ ನಡೆಯುವುದು. ಅಲ್ಲಿ ಇಳಿತದ ಹೊತ್ತಿಗೆ ನೀರು ಹಿಂದಕ್ಕೆ ಸರಿದು ಕೆಸರು ಮರಳಿನ ದೊಡ್ಡ ಬಯಲೇ ತೆರೆದುಕೊಳ್ಳುತ್ತದೆ. ಆ ಬಯಲಿಗೆ ಹಕ್ಕಿಗಳು ಇಳಿಯುತ್ತವೆ. ಅತ್ತೆ ಅವುಗಳ ಫೋಟೋ ತೆಗೆಯುತ್ತಿದ್ದರು. ಅಷ್ಟೇ ಅವರ ರವಿವಾರ.

ಈ ಹುಚ್ಚು ಹಿಡಿದದ್ದು ಹೇಗೆ ಎಂದು ಒಮ್ಮೆ ಕೇಳಿದ್ದೆ. ರೊಟ್ಟಿಯ ಹಿಟ್ಟು ನಾದುತ್ತ ನಕ್ಕರು.

"ನಿಮ್ಮ ಮಾವಾರ ಕೂಡ ಜಗಳಾಡಿ, ನಾ ಇನ್ನ ಈ ಮನ್ಯಾಗ ಇರಂಗಿಲ್ಲ ಅಂತ ಗಂಟು ಕಟಗೊಂಡು ತವರಿಗೆ ಹೊಂಟಿದ್ದೆ. ಬಸ್ಸಿನಾಗ ಕಿಡಕಿ ಕಡೆ ಕುಂತಿದ್ದೆ. ಅಲ್ಲೊಂದು ಹಕ್ಕಿ ನಿಂತಿತ್ತು ನೋಡು, ಮೂಗು ಅಂದ್ರ ಮೂಗಲ್ಲ ಅದು, ಕುಡಗೋಲು! ಇಂಥಾ ಮೂಗು ಹೊತಗೊಂಡು ಇದು ಹ್ಯಾಂಗ ಬದಕ್ತೈತಿ ನೋಡೂಣು ಅಂತ ಇಳದೆ. ಸಂಜಿ ಮಟ ಅಲ್ಲೇ ಕುಂತೆ. ಆಮ್ಯಾಲೆ ತವರ ನೆನಪ ಆಗ್ಲೇ ಇಲ್ಲ."

ಕ್ಯಾಮೆರಾ ಮಾವನದು. ಹಡಗಿನ ಖಲಾಸಿಯೊಬ್ಬ ಬಂದರಿನಲ್ಲಿ ಮಾರಿದ್ದ ಹಳೆಯ ರೀಲ್ ಕ್ಯಾಮೆರಾ, ಕಬ್ಬಿಣದ ಹಾಗೆ ಭಾರ. ಮಗನ ಮದುವೆಗೆ ಬಂದೀತೆಂದು ಮಾವ ಅದನ್ನು ಟ್ರಂಕಿನಲ್ಲಿ ಇಟ್ಟಿದ್ದರು. ಅತ್ತೆ ಮುಂದಿನ ರವಿವಾರವೇ ಅದನ್ನು ಹೊರಗೆ ತೆಗೆದು, ಬಜಾರಿನ ಸ್ಟುಡಿಯೋದವನ ಮುಂದೆ ಇಟ್ಟು, ಇದನ್ನು ನಡೆಸುವುದು ಹೇಗೆ ಹೇಳು ಎಂದು ಕೂತರಂತೆ. ಮಾವ ಬೇಡವೆನ್ನಲಿಲ್ಲ. ಜಗಳವಾದ ಮರುವಾರ ಯಾವ ಗಂಡಸು ಬೇಡವೆಂದಾನು?

ಅತ್ತೆ ದೊಡ್ಡ ಫೋಟೋಗ್ರಾಫರ್ ಆಗಿದ್ದರು ಎಂದು ನಾನು ಸುಳ್ಳು ಹೇಳುವುದಿಲ್ಲ. ಅವರ ಫೋಟೋಗಳಲ್ಲಿ ತಲೆ ಇದ್ದರೆ ಬಾಲ ಇರುತ್ತಿರಲಿಲ್ಲ. ಹಾರಿಹೋದ ಹಕ್ಕಿಯ ಜಾಗದ ಫೋಟೋಗಳೇ ಒಂದು ಡಬ್ಬಿ ತುಂಬ ಇದ್ದವು. ಸ್ಟುಡಿಯೋದವನು ರೀಲು ತೊಳೆದು ಕೊಡುವಾಗ, "ಎಲ್ಲಾ ಬರೇ ಹಕ್ಕೀನ ಅದಾವಲ್ರಿ ಅವ್ವಾರ, ಮನಿ ಮಂದಿ ಒಬ್ರೂ ಇಲ್ಲಲ್ಲ?" ಎಂದು ಪ್ರತಿ ಸಲವೂ ಕೇಳುತ್ತಿದ್ದ. "ಮನಿ ಮಂದೀನ ದಿನಾ ನೋಡ್ತೀನಿ" ಎಂದು ಅತ್ತೆಯೂ ಪ್ರತಿ ಸಲ ಹೇಳುತ್ತಿದ್ದರು. ನಾನೊಮ್ಮೆ ಜೊತೆಗೆ ಹೋಗಿದ್ದ ದಿನ ದಂಡೆಗೆ ಬೆಂಗಳೂರಿನಿಂದ ಉದ್ದನೆಯ ಲೆನ್ಸು ಹೊತ್ತು ಬಂದವರು ಕೆಸರಲ್ಲಿ ಪುಟುಪುಟು ಓಡುವ ಸಣ್ಣ ಹಕ್ಕಿಗಳನ್ನು ತೋರಿಸಿ, ಇವು ಬೇರೆ ಜಾತಿ, ಆ ದೊಡ್ಡ ಬಿಳಿ ಹಕ್ಕಿಗಳ ಮರಿಗಳಲ್ಲ ಎಂದು ಸಮಾಧಾನದಿಂದ ತಿಳಿಸಿ ಹೇಳಿದರು. ಅವರು ಹೇಳಿದ್ದು ಸರಿಯೇ ಇತ್ತು. ಅತ್ತೆ ಪೂರ್ತಿ ಕೇಳಿಸಿಕೊಂಡರು. ಅವರು ಹೋದ ಮೇಲೆ ನನ್ನ ಕಡೆ ತಿರುಗಿ, "ಅವರಿಗೆ ಬ್ಯಾರೆ ಜಾತಿ. ನನಗ ಮರಿನ" ಎಂದರು. ಕೊನೆಯವರೆಗೂ ಅವು ಮರಿಗಳಾಗಿಯೇ ಉಳಿದವು.

ರವಿವಾರ ರೊಟ್ಟಿ ಸಿಗದ ಗಂಡಸರು ಬೈದುಕೊಳ್ಳುತ್ತಿದ್ದರು. ರಜೆಯ ದಿನ ಮನೆಯಲ್ಲಿರುವುದೇ ಅವತ್ತು, ಆರಾಮಾಗಿ ಉಣ್ಣಬೇಕೆಂದರೆ ಅವತ್ತೇ ಈ ಬಾಗಿಲು ಮುಚ್ಚಿರುತ್ತದೆ ಎಂದು. ಅವರು ಹೇಳುವುದರಲ್ಲೂ ತಪ್ಪಿರಲಿಲ್ಲ. "ನಿಮಗ ರವಿವಾರ ಐತಿ ಹೌದಿಲ್ಲೋ? ನನಗೂ ಐತ್ರಿ" ಎನ್ನುವುದು ಅತ್ತೆಯ ಒಂದೇ ಉತ್ತರ. ಮಾವ ಇರುವವರೆಗೆ ಇದು ನಗೆಮಾತಾಗಿ ನಡೆದುಹೋಯಿತು.

ಮಾವ ಒಂದು ದೀಪಾವಳಿಯ ಮುಂಚೆ ತೀರಿಕೊಂಡರು. ಬಂದರಿನಿಂದ ಬಂದು, ಕೈಕಾಲು ತೊಳೆದು, ಗೋಡೆಗೆ ಒರಗಿ ಕೂತವರು ಮತ್ತೆ ಏಳಲಿಲ್ಲ.

ನಮ್ಮ ಮಂದಿಯಲ್ಲಿ ಗಂಡ ಹೋದ ಹೆಂಗಸು ತಾನಾಗಿ ಹೊಸ್ತಿಲು ದಾಟುವ ಹಾಗಿಲ್ಲ. ತವರಿನವರು ಬರಬೇಕು, ಹೊಸ ಸೀರೆ ಉಡಿಸಬೇಕು, ಕೈ ಹಿಡಿದು ಹೊರಗೆ ಕರೆದುಕೊಂಡು ಹೋಗಿ ಗುಡಿ ತೋರಿಸಿ ತಂದು ಬಿಡಬೇಕು. ಅದಾದ ಮೇಲೆಯೇ ಆಕೆ ಹೊರಗೆ ಓಡಾಡಬಹುದು. ಅತ್ತೆಗೆ ತವರಿನಲ್ಲಿ ಇದ್ದವನು ಒಬ್ಬನೇ ತಮ್ಮ. ಹುನಗುಂದದ ಕಡೆ ಒಕ್ಕಲುತನ. ಬಿಳಿಜೋಳದ ಸುಗ್ಗಿ ಮುಗಿಯದೆ ಬರಲಾರೆ ಎಂದು ಫೋನಿನಲ್ಲಿ ತಿಳಿಸಿದ. ಅಂದರೆ ಚಳಿಗಾಲ ಪೂರ್ತಿ ಅತ್ತೆ ಒಳಗೇ. ದಂಡೆಯ ಹಕ್ಕಿಗಳಾದರೋ ದೀಪಾವಳಿಯ ಹೊತ್ತಿಗೆ ಎಲ್ಲಿಂದಲೋ ಬಂದು ಹೋಳಿಹುಣ್ಣಿಮೆಯ ಹೊತ್ತಿಗೆ ಹೊರಡುವ ಜಾತಿ.

ಮಾವನ ಅಣ್ಣ, ನಮ್ಮ ದೊಡ್ಡ ಮಾವ, ಸಾವರ್ಡೆಯಲ್ಲಿ ಅದಿರಿನ ಟ್ರಕ್ಕುಗಳ ಉಸ್ತುವಾರಿ ನೋಡುತ್ತಿದ್ದರು. ತಮ್ಮ ಹೋದ ಮೇಲೆ ಮನೆಯ ಯಜಮಾನಿಕೆ ಅವರಿಗೆ ಬಂತು. ಕೆಟ್ಟವರಲ್ಲ. ಮಾವನ ಮಣ್ಣಿನ ಖರ್ಚೆಲ್ಲ ಅವರೇ ನೋಡಿಕೊಂಡರು, ನನ್ನ ಗಂಡನಿಗೆ ಬಂದರಿನಲ್ಲಿ ಅಪ್ಪನ ಜಾಗದ ಕೆಲಸ ಸಿಗುವಂತೆ ಓಡಾಡಿದರು. ಅದಕ್ಕೇ ನನ್ನ ಗಂಡ ಅವರ ಮುಂದೆ ಬಾಯಿ ತೆರೆಯುತ್ತಿರಲಿಲ್ಲ. ಆದರೆ ದೊಡ್ಡ ಮಾವ ಒಂದು ಹುಕುಂ ಹೊರಡಿಸಿದರು. ಹೆಂಗಸು ಹೇಗೂ ಒಳಗೆ ಕೂತಿರುತ್ತಾಳೆ, ದುಡಿಯುವ ಕೈ ಒಂದು ಕಡಿಮೆಯಾಗಿದೆ, ಇನ್ನು ಮೇಲೆ ರವಿವಾರವೂ ಒಲೆ ಹಚ್ಚಬೇಕು.

ಅತ್ತೆ ಹಚ್ಚಿದರು. ಆ ಚಳಿಗಾಲ ವಾರದ ಏಳೂ ದಿನ ಟಪ ಟಪ. ನಾನು ಪಕ್ಕದಲ್ಲಿ ಕೂತು ಬೇಯಿಸುತ್ತಿದ್ದೆ. ಗಂಡ ಹೋದ ದುಃಖಕ್ಕೆ ಅವರು ಸುಮ್ಮನಾಗಿದ್ದಾರೆ ಎಂದು ಎಲ್ಲರೂ ತಿಳಿದಿದ್ದರು. ದುಃಖ ಇತ್ತು, ಇಲ್ಲವೆನ್ನುವುದಿಲ್ಲ. ಆದರೆ ರವಿವಾರದ ದಿನ ಅವರು ರೊಟ್ಟಿ ಬಡಿಯುವ ಸದ್ದೇ ಬೇರೆ ಇರುತ್ತಿತ್ತು. ಹಿಟ್ಟಿನ ಮೇಲೆ ಅಷ್ಟು ಸಿಟ್ಟು ತೀರಿಸಿಕೊಂಡವರನ್ನು ನಾನು ನೋಡಿಲ್ಲ.

ಕೊನೆಗೂ ಅತ್ತೆಯ ತಮ್ಮ ಬಂದ. ಬಿಳಿ ಧೋತರ, ರುಮಾಲು, ಕೈಯಲ್ಲಿ ಒಂದು ಚೀಲ. ಚೀಲದಲ್ಲಿ ಅಕ್ಕನಿಗೆ ಇಳಕಲ್ ಸೀರೆ, ಗುಡಿಗೆ ಒಯ್ಯಲು ತೆಂಗಿನಕಾಯಿ, ಊದಿನಕಡ್ಡಿ, ಹೂವು. ಜೀವಮಾನದಲ್ಲಿ ಮೊದಲ ಸಲ ಗೋವಾಕ್ಕೆ ಬಂದಿದ್ದ, ಸಮುದ್ರವನ್ನು ಕಂಡಿರಲಿಲ್ಲ. ಅವನು ಬಂದದ್ದು ಶನಿವಾರ ಸಂಜೆ. ಮರುದಿನ ಬೆಳಿಗ್ಗೆ ಅತ್ತೆ ಸ್ನಾನ ಮಾಡಿ ತಮ್ಮ ತಂದ ಸೀರೆ ಉಟ್ಟರು. ಆಮೇಲೆ ಅದರ ಮೇಲೆ ಖಾಕಿ ಅಂಗಿ ತೊಟ್ಟು ಗುಂಡಿ ಹಾಕತೊಡಗಿದರು. ತಮ್ಮ ಕಣ್ಣು ಬಿಟ್ಟ.

"ಅಕ್ಕಾ, ಗುಡಿಗೆ ಇದನ್ನ ಹಾಕ್ಕೊಂಡು ಬರ್ತಿ?"

"ಗುಡಿಗೆ ಯಾರು ಹೊಂಟಾರ?"

"ಮತ್ತೆ ಎಲ್ಲಿಗೆ?"

"ನೀ ನನ್ನ ಹೊರಗ ಕರಕೊಂಡು ಹೋಗಾಕ ಬಂದೀಯಿಲ್ಲೋ? ನಾ ಹೋಗ್ಬೇಕು ಅಂದಲ್ಲಿ ಕರಕೊಂಡು ಹೋಗು. ಪದ್ಧತಿ ಪ್ರಕಾರನ ನಡಿಲಿ. ಹಿಡಿ ಕೈಯಿ."

ಗುಡಿಯ ಚೀಲ ಹೆಗಲಿಗೇರಿಸಿ ಅವನು ಕೈ ಹಿಡಿದ. ಪಾಪ, ಇನ್ನೇನು ಮಾಡಿಯಾನು? ಹೊಸ್ತಿಲು ದಾಟುವಾಗ ಅತ್ತೆ ನನ್ನನ್ನು ನೋಡಿ, "ನೀನೂ ಬಾ. ಇವತ್ತ ಒಲಿ ಹಚ್ಚಬ್ಯಾಡ" ಎಂದರು. ಬಾಗಿಲಲ್ಲಿ ರೊಟ್ಟಿಗೆ ಬಂದವರು ಡಬ್ಬಿ ಹಿಡಿದು ನಿಂತಿದ್ದರು. ನಾನು ಬಾಗಿಲೆಳೆದು ಕೊಂಡಿ ಹಾಕಿ ಅವರ ಹಿಂದೆ ನಡೆದೆ.

ಆ ದಿನ ದಂಡೆಯಲ್ಲಿ ನೀರು ದೂರಕ್ಕೆ ಸರಿದಿತ್ತು. ನದಿಯ ನಡುವೆ ಅದಿರಿನ ಬಾರ್ಜುಗಳು ಸಾಲಾಗಿ ಹೋಗುತ್ತಿದ್ದವು. ದಾಬೋಲಿಮ್‌ಗೆ ಇಳಿಯುವ ವಿಮಾನ ತಲೆಯ ಮೇಲೆ ಬಂದಾಗ ಅತ್ತೆಯ ತಮ್ಮ ರುಮಾಲು ಹಿಡಿದುಕೊಂಡು ಕೂತುಬಿಟ್ಟ. ಅಷ್ಟು ದೂರದಲ್ಲಿ ಕೊಂಕಣಿ ಹೆಂಗಸರು ಕೆಸರಿನಲ್ಲಿ ಬಗ್ಗಿ ಚಿಪ್ಪಿ ಆರಿಸುತ್ತಿದ್ದರು. ಹಕ್ಕಿಗಳು ಮೊದಲಿನಷ್ಟು ಇರಲಿಲ್ಲ. ಬಹಳಷ್ಟು ಹೊರಟುಹೋಗಿದ್ದವು. ಅತ್ತೆ ದಂಡೆಯ ಉದ್ದಕ್ಕೂ ಕಣ್ಣು ಹಾಯಿಸಿ, "ಐತಿ, ಐತಿ. ಒಂದ ಉಳದೈತಿ" ಎಂದರು. ಅದೇ ಕುಡಗೋಲು ಮೂಗಿನ ಹಕ್ಕಿ. ಒಂಟಿಯಾಗಿ ನಿಂತು ಕೆಸರಿಗೆ ಮೂಗು ತೂರಿಸುತ್ತಿತ್ತು. ಇಷ್ಟು ವರ್ಷದಲ್ಲಿ ಅತ್ತೆಗೆ ಅದರ ಪೂರ್ತಿ ಫೋಟೋ ಸಿಕ್ಕಿರಲಿಲ್ಲ. ಮೂಗು ಬಂದರೆ ಹಿಂದಿನದು ಕತ್ತರಿಸಿಹೋಗುತ್ತಿತ್ತು.

ಅತ್ತೆ ಬಗ್ಗಿಕೊಂಡು ನಿಧಾನವಾಗಿ ಮುಂದೆ ಹೊರಟರು. ತಮ್ಮ ಮಾತ್ರ ಇನ್ನೊಂದು ಕಡೆಗೆ, ದೂರದಲ್ಲಿ ಸ್ವಲ್ಪ ಎತ್ತರವಾಗಿದ್ದ ಮರಳದಿನ್ನೆಯ ಕಡೆಗೆ ನಡೆದ. ಅಲ್ಲಿ ಗಾಳಿ ಚಲೋ ಇದೆ, ಊರಿಂದ ತಂದ ಬುತ್ತಿ ಬಿಚ್ಚೋಣ ಎಂದ. ಅತ್ತೆ ಕೂಗಿ ಹೇಳಿದರು, "ಭಾಳ ಹೊತ್ತು ಕುಂದರಬ್ಯಾಡೋ, ನೀರ ಹೊಳ್ಳಿ ಬರ್ತೈತಿ."

ಅವನು ನಕ್ಕ. "ಹೋದ ನೀರ ಎಲ್ಲ್ಯಾರ ಹೊಳ್ಳಿ ಬರ್ತೈತೇನ ಅಕ್ಕಾ? ಮಳಿ ಆಗ್ಬೇಕು, ಅಂದ್ರ ಬರ್ತೈತಿ."

ಅವನನ್ನು ತಪ್ಪು ಎಂದು ಹೇಗೆ ಹೇಳುವುದು? ನಮ್ಮ ಕಡೆಯ ಕೆರೆಯಲ್ಲಿ ನೀರು ಹಿಂದೆ ಸರಿಯಿತು ಎಂದರೆ ಸರಿಯಿತು. ಬಿಟ್ಟ ಜಾಗದಲ್ಲಿ ದನ ಮೇಯಿಸುತ್ತಾರೆ, ಹುಡುಗರು ಚಿಣ್ಣಿದಾಂಡು ಆಡುತ್ತಾರೆ, ಮುಂದಿನ ಮಳೆಗಾಲದವರೆಗೆ ಅದು ನೆಲವೇ. ಅದೇ ಧೈರ್ಯದಲ್ಲಿ ಅವನು ದಿನ್ನೆಯ ಮೇಲೆ ಟವೆಲ್ ಹಾಸಿ, ಚೀಲ ಇಟ್ಟು, ಚಪ್ಪಲಿ ಬಿಟ್ಟು, ಹೊಲದ ಬದುವಿನ ಮೇಲೆ ಕೂತ ಹಾಗೆ ಕೂತ. ಬುತ್ತಿ ಉಂಡ. ಆಮೇಲೆ ರುಮಾಲು ಮುಖದ ಮೇಲೆ ಎಳೆದುಕೊಂಡು ಒರಗಿದ.

ನನ್ನ ಕಣ್ಣೂ ಹಕ್ಕಿಯ ಮೇಲೆ ಇತ್ತು. ಅತ್ತೆ ಮೊಣಕಾಲೂರಿ, ಆಮೇಲೆ ಮೊಣಕೈಯೂರಿ, ಹೊಸ ಇಳಕಲ್ ಸೀರೆಯನ್ನು ಕೆಸರಿನಲ್ಲಿ ಎಳೆಯುತ್ತ ಮುಂದೆ ಮುಂದೆ ಸರಿಯುತ್ತಿದ್ದರು. ಹಕ್ಕಿ ಎರಡು ಹೆಜ್ಜೆ ಹೋಗಿ ನಿಲ್ಲುತ್ತಿತ್ತು, ಇವರೂ ನಿಲ್ಲುತ್ತಿದ್ದರು. ಅಷ್ಟರಲ್ಲಿ ಚಿಪ್ಪಿ ಆರಿಸುವ ಹೆಂಗಸರು ಬುಟ್ಟಿ ಎತ್ತಿಕೊಂಡು ದಂಡೆಯ ಕಡೆ ಓಡುತ್ತ, "ಉದಕ ಯೆತಾ ಗೋ! ಉದಕ ಯೆತಾ!" ಎಂದು ಕೂಗಿದರು. ನೀರು ಬರುತ್ತಿದೆ ಎಂದು. ತಿರುಗಿ ನೋಡುತ್ತೇನೆ, ದಿನ್ನೆಗೂ ನಮಗೂ ನಡುವೆ ಆಗಲೇ ನೀರು ಹರಿದಾಡುತ್ತಿದೆ. ಅತ್ತೆಯ ತಮ್ಮ ಎದ್ದು ನಿಂತು, ಧೋತರ ಎತ್ತಿ ಹಿಡಿದು, ಸುತ್ತಲೂ ತಿರುಗುತ್ತಿದ್ದಾನೆ.

"ಅಕ್ಕಾ! ಏ ಅಕ್ಕಾ! ಇದು ಖರೇನ ಹೊಳ್ಳಿ ಬರಾಕತ್ತೈತಿ! ನಾ ಮುಳಗಾಕತ್ತೇನಿ!"

ಅತ್ತೆ ಕ್ಯಾಮೆರಾದಿಂದ ಕಣ್ಣು ತೆಗೆಯಲಿಲ್ಲ. "ಮೊಣಕಾಲ ಮಟ ಐತಿ. ಒದರಬ್ಯಾಡ, ಹಕ್ಕಿ ಹಾರ್ತೈತಿ. ನೆಟ್ಟಗ ನಡಕೋತ ಬಾ."

"ನನಗ ಈಸಾಕ ಬರಂಗಿಲ್ಲ!"

"ನಡಿಯಾಕ ಬರ್ತೈತಿಲ್ಲೋ!"

ನಾನು ನೀರಿಗಿಳಿದು ಅವನ ಕಡೆ ಹೋಗಿ ಕೈ ಚಾಚಿದೆ. ಅವನು ನನ್ನ ಕೈ ಹಿಡಿದ ಅವಸರದಲ್ಲಿ ಚೀಲ ಬಿಟ್ಟ. ಗುಡಿಗೆ ಒಯ್ಯಬೇಕಾದ ಕಾಯಿ, ಹೂವು, ಊದಿನಕಡ್ಡಿ ಎಲ್ಲವೂ ಚೀಲದ ಸಮೇತ ತೇಲಿಕೊಂಡು ಹೊರಟವು. ಹಿಂದೆಯೇ ಅವನ ಒಂದು ಚಪ್ಪಲಿ. ಆಗಲೇ ಕ್ಯಾಮೆರಾ ಕಟಕ್ ಎಂದಿತು. ಹಕ್ಕಿ ಉದ್ದಕ್ಕೆ ಕೂಗುತ್ತ ಎದ್ದು ಹೊಳೆಯ ಆಚೆಗೆ ಹೋಯಿತು. ಅತ್ತೆ ಕೆಸರಿನಿಂದ ಎದ್ದು ನಿಂತು, ತೊಯ್ದ ಧೋತರದಲ್ಲಿ ನಡುಗುತ್ತಿದ್ದ ತಮ್ಮನನ್ನು ನೋಡಿ ನಗಲು ಶುರು ಮಾಡಿದರು. ಮಾವ ಹೋದ ಮೇಲೆ ಅವರು ನಕ್ಕದ್ದು ಅದೇ ಮೊದಲು. ನಕ್ಕು ನಕ್ಕು ಕಣ್ಣಲ್ಲಿ ನೀರು ಬಂತು, ಆಮೇಲೆ ಆ ನೀರು ನಿಲ್ಲಲೇ ಇಲ್ಲ. ದಂಡೆಯ ಕಲ್ಲಿನ ಮೇಲೆ ಕೂತು ಮನಸಾರೆ ಅತ್ತರು. ತಮ್ಮ ಪಕ್ಕದಲ್ಲಿ ಕೂತು ತಾನೂ ಅತ್ತ. ಮನೆಯಲ್ಲಿ ಅಷ್ಟು ಮಂದಿಯ ನಡುವೆ ಅಳಲಾಗದ್ದನ್ನು ಅಲ್ಲಿ ಅತ್ತು ಮುಗಿಸಿದರು.

ಮನೆಗೆ ಬಂದಾಗ ದೊಡ್ಡ ಮಾವ ವಸ್ತಿಯ ಹಿರಿಯರಿಬ್ಬರನ್ನು ಕೂರಿಸಿಕೊಂಡು ಪ್ರಸಾದಕ್ಕೆ ಕಾಯುತ್ತಿದ್ದರು. ಸಾವರ್ಡೆಯಿಂದ ಇದಕ್ಕೆಂದೇ ಬಂದಿದ್ದರು. ಕೆಸರು ಮೆತ್ತಿದ ಸೀರೆ, ಖಾಕಿ ಅಂಗಿ, ಒಂದೇ ಕಾಲಿಗೆ ಚಪ್ಪಲಿ ಹಾಕಿದ ಬೀಗರು. ದೊಡ್ಡ ಮಾವನ ಮುಖ ಕೆಂಪಾಯಿತು.

"ಗುಡಿ?"

"ಹೋಗಲಿಲ್ಲ ರೀ ಭಾವಾರ."

"ಕಾಯಿ?"

"ಸಮುದ್ರ ತಗೊಂತ್ರಿ."

ಅತ್ತೆಯ ತಮ್ಮ ನೆಲ ನೋಡುತ್ತ ನಿಂತಿದ್ದ. ದೊಡ್ಡ ಮಾವ ಎದ್ದು ನಿಂತರು. "ಮಂದಿ ಏನ್ ಅಂತಾರ ಅನ್ನೂದರ ಖಬರ ಐತೇನ ನಿನಗ?"

"ಐತ್ರಿ. ರೊಟ್ಟಿ ಚಲೋ ಮಾಡ್ತಾಳ ಅಂತಾರ."

ಹಿರಿಯರಲ್ಲಿ ಒಬ್ಬರಿಗೆ ಕೆಮ್ಮು ಬಂತು. ನಗೆಯನ್ನು ಕೆಮ್ಮಾಗಿಸಿದರು ಎಂದು ನನಗೆ ಈಗಲೂ ಅನುಮಾನ. ದೊಡ್ಡ ಮಾವನಿಗೆ ಅದು ಇನ್ನಷ್ಟು ಹತ್ತಿತು.

"ಇವತ್ತಿಗೆ ಮುಗೀತು. ಮುಂದಿನ ರವಿವಾರ ಒಲಿ ಹಚ್ಚಬೇಕು. ಆ ಡಬ್ಬಿ ಇಲ್ಲೆ ಕೊಡು. ನಮ್ಮ ಹುಡುಗ ಮದುವಿ ಫೋಟೋ ತಗಿಯಾಕ ಹತ್ಯಾನ, ಅವಗರ ಬರ್ತೈತಿ. ನಿನ್ನ ಕಡೆ ಇದ್ದು ಏನ್ ಉಪಯೋಗ?"

"ಏನೂ ಉಪಯೋಗ ಇಲ್ಲ ರೀ," ಎಂದರು ಅತ್ತೆ. ದನಿ ಏರಿಸಲಿಲ್ಲ. "ಉಪಯೋಗದ್ದ ಮಾಡ್ಕೋತ ಬಂದೇನ್ರಿ ಇಷ್ಟು ವರ್ಷ. ಉಪಯೋಗ ಇಲ್ಲದ್ದು ಒಂದರ ನಂದು ಇರ್ಲಿ."

ಹಾಗೆಂದು ನೆಲದ ಮೇಲೆ ಕೂತು, ಕ್ಯಾಮೆರಾ ತೊಡೆಯ ಮೇಲಿಟ್ಟುಕೊಂಡು, ಅದರ ಸಣ್ಣ ಹಿಡಿಯನ್ನು ತಿರುಗಿಸತೊಡಗಿದರು. ಕಿರ್ರ್ ಕಿರ್ರ್ ಎಂದು ರೀಲು ಸುತ್ತಿಕೊಳ್ಳುವ ಸದ್ದು. ಪೂರ್ತಿ ಸುತ್ತಿದ ಮೇಲೆ ಹಿಂದಿನ ಮುಚ್ಚಳ ತೆಗೆದು, ರೀಲನ್ನು ಸೆರಗಿನ ತುದಿಗೆ ಗಂಟು ಹಾಕಿಕೊಂಡು, ಖಾಲಿ ಕ್ಯಾಮೆರಾವನ್ನು ಎರಡೂ ಕೈಯಿಂದ ದೊಡ್ಡ ಮಾವನ ಮುಂದೆ ಹಿಡಿದರು.

"ಕ್ಯಾಮೆರಾ ಒಯ್ರಿ. ರವಿವಾರ ಕೊಡಂಗಿಲ್ಲ."

ಇಂಥ ಹೊತ್ತಿನಲ್ಲಿ ಹಿರಿಯರು ಮೆತ್ತಗಾಗಿ ಇರಲಿ ಬಿಡವ್ವಾ ಎನ್ನುತ್ತಾರೆ ಎಂದು ನಾನು ಕಾದೆ. ಇಲ್ಲ. ದೊಡ್ಡ ಮಾವ ಕ್ಯಾಮೆರಾ ತೆಗೆದುಕೊಂಡೇ ಹೋದರು. ನನ್ನ ಗಂಡ ಕ್ಯಾಲೆಂಡರ್ ನೋಡುತ್ತ ನಿಂತಿದ್ದರು. ಅಂದು ನನಗೆ ಬಂದ ಸಿಟ್ಟು ಈಗ ಬರೆಯುವಾಗಲೂ ಬರುತ್ತದೆ.

ಮುಂದಿನ ರವಿವಾರ ಬೆಳಿಗ್ಗೆ ಅತ್ತೆ ಅಂಗಿ ತೊಟ್ಟು ಟವೆಲ್ ಸುತ್ತಿ ಹೊರಟು ನಿಂತರು. ಕೊರಳು ಬರಿದು.

"ಕ್ಯಾಮೆರಾ ಇಲ್ಲದ ಎಲ್ಲಿಗೆ ಹೊಂಟೀರಿ ಅತ್ತೀ?"

"ಹಕ್ಕಿ ಏನ್ ಕ್ಯಾಮೆರಾ ನೋಡಾಕ ಬರ್ತಿದ್ದವೇನ?"

ಹೋದರು. ಅದರ ಮುಂದಿನ ವಾರವೂ ಹೋದರು. ಹಕ್ಕಿಗಳೆಲ್ಲ ಹೊರಟುಹೋದ ಮೇಲೂ ಹೋದರು. ಮಳೆಗಾಲದಲ್ಲಿ ತಲೆಯ ಮೇಲೆ ಪ್ಲಾಸ್ಟಿಕ್ಕಿನ ಗೊಪ್ಪೆ ಹಾಕಿಕೊಂಡು ಹೋದರು. ದಂಡೆಯ ಕಲ್ಲಿನ ಮೇಲೆ ಕೂತು ಎಡಗಣ್ಣು ಮುಚ್ಚಿ ನೋಡುವುದು, ಸಂಜೆ ಬರುವುದು. ರೊಟ್ಟಿಯ ಗಿರಾಕಿಗಳು ಗೊಣಗಿ ಗೊಣಗಿ ಸಾಕಾಗಿ ಶನಿವಾರವೇ ಎರಡು ದಿನದ ರೊಟ್ಟಿ ಒಯ್ಯಲು ಕಲಿತರು. ದೊಡ್ಡ ಮಾವ ಹೇಳಿ ಕಳಿಸಿದರು, ಬಂದು ಬೈದರು, ಮಾತು ಬಿಟ್ಟರು. ಅತ್ತೆ ಅವರು ಬಂದಾಗಲೆಲ್ಲ ಬಿಸಿ ರೊಟ್ಟಿ ಬೆಣ್ಣೆ ಬಡಿಸುತ್ತಿದ್ದರು. ರವಿವಾರ ಬಂದರೆ ಮಾತ್ರ ಬಾಗಿಲಿಗೆ ಕೊಂಡಿ.

ಸೆರಗಿನಲ್ಲಿ ಗಂಟು ಹಾಕಿದ್ದ ರೀಲು ತೊಳೆದು ಬಂತು. ಕುಡಗೋಲು ಮೂಗಿನ ಹಕ್ಕಿ ಮೂಗಿನಿಂದ ಬಾಲದವರೆಗೆ ಪೂರ್ತಿ ಬಂದಿತ್ತು. ಆದರೆ ಮಸುಕು. ತಮ್ಮನ ಕೂಗಿಗೋ, ಒಳಗಿನ ನಗೆಗೋ ಕೈ ಅಲುಗಿತ್ತು. ಇದನ್ನು ದೊಡ್ಡದು ಮಾಡಿ ಕಟ್ಟು ಹಾಕಿಸಿಕೊಡು ಎಂದಾಗ ಸ್ಟುಡಿಯೋದವನು, "ಅವ್ವಾರ, ಮಸಕ ಐತ್ರಿ, ದೊಡ್ಡದು ಮಾಡಿದ್ರ ಇನ್ನಷ್ಟು ಮಸಕ ಕಾಣ್ತೈತಿ" ಎಂದ. "ಕಾಣ್ಲಿ ಬಿಡು. ನನಗ ಅದು ಹಂಗ ಕಂಡಿತ್ತು" ಎಂದರು ಅತ್ತೆ. ಆ ಫೋಟೋ ಮಾವನ ಫೋಟೋದ ಪಕ್ಕದಲ್ಲೇ ಗೋಡೆ ಏರಿತು. ಬಂದವರೆಲ್ಲ ಇದೇನು ಎಂದು ಕೇಳುತ್ತಿದ್ದರು, ಅತ್ತೆಯೂ ಕೇಳಿದವರಿಗೆಲ್ಲ ಹೇಳುತ್ತಿದ್ದರು.

ನಾನೂ ಪ್ರತಿ ರವಿವಾರ ಅವರ ಜೊತೆ ಹೋಗತೊಡಗಿದೆ. ನನ್ನ ಗಂಡನಿಗೆ, "ಇವತ್ತ ನಿಮ್ಮ ಊಟ ನೀವ ನೋಡ್ಕೋರಿ" ಎಂದು ಮೊದಲ ಸಲ ಹೇಳಿದ ದಿನ ನನ್ನ ದನಿ ನಡುಗಿತ್ತು. ಎರಡನೆಯ ಸಲ ನಡುಗಲಿಲ್ಲ. ಆ ಮನುಷ್ಯ ಹಿಂದಿನ ದಿನದ ಕಟಕು ರೊಟ್ಟಿ ತಾವೇ ಬಡಿಸಿಕೊಂಡರು. ಒಂದೆರಡು ವರ್ಷದ ಮೇಲೆ ಒಂದು ಸಂಜೆ ಬಂದರಿನಿಂದ ಬರುವಾಗ ಸಣ್ಣದೊಂದು ಡಿಜಿಟಲ್ ಕ್ಯಾಮೆರಾ ತಂದು ಅವ್ವನ ಹಿಟ್ಟಿನ ಡಬ್ಬಿಯ ಮೇಲೆ ಇಟ್ಟು ಒಳಗೆ ಹೋದರು. ಅಂದಿನಿಂದ ಅವರ ಮೇಲಿನ ನನ್ನ ಸಿಟ್ಟು ಅರ್ಧ ಇಳಿಯಿತು. ಉಳಿದರ್ಧ ಇನ್ನೂ ಇದೆ, ಅವರಿಗೂ ಗೊತ್ತು.

ಹೊಸ ಕ್ಯಾಮೆರಾದಲ್ಲಿ ಕೆಟ್ಟ ಫೋಟೋ ಅಳಿಸಬಹುದು ಎಂದು ನಾನು ತೋರಿಸಿಕೊಟ್ಟೆ. ಅತ್ತೆಗೆ ಅದು ಸುತರಾಂ ಒಪ್ಪಿಗೆಯಾಗಲಿಲ್ಲ. "ಅಷ್ಟು ದೂರದಿಂದ ಹಾರಿ ಬಂದಾವ, ನಾ ಒಂದ ಬೊಟ್ಟಿನಿಂದ ಹೊರಗ ಹಾಕ್ಲೇನ?" ಎಂದರು. ಹಕ್ಕಿ ಇಲ್ಲದ ಬರೀ ಕೆಸರಿನ ಫೋಟೋವನ್ನೂ ಅಳಿಸಗೊಡಲಿಲ್ಲ. ಕಾರ್ಡು ತುಂಬಿದರೆ ಇನ್ನೊಂದು ಕಾರ್ಡು.

ಅವರು ಹೋದದ್ದು ಆಷಾಢದಲ್ಲಿ, ಜಡಿಮಳೆಯ ದಿನ. ಬೆಳಿಗ್ಗೆ ರೊಟ್ಟಿ ಬಡಿದಿದ್ದರು. ಮಧ್ಯಾಹ್ನ ಎದೆ ಹಿಡಿದಂತಾಗುತ್ತದೆ ಎಂದರು. ಆಸ್ಪತ್ರೆ ಮುಟ್ಟುವಷ್ಟರಲ್ಲಿ ಎಲ್ಲ ಮುಗಿದಿತ್ತು. ನನಗೆ ಏನೂ ಹೇಳಿ ಹೋಗಲಿಲ್ಲ. ಬಾಯಿಮಾತಿನಲ್ಲಿ ಹೇಳಿಕೊಡುವ ಹೆಂಗಸಲ್ಲ ಅವರು.

ಮೂರು ದಿನದ ಕಾರ್ಯ ಮುಗಿದರೂ ಊರಿನಿಂದ ಬಂದವರು ಮನೆಯ ತುಂಬ ಇದ್ದರು. ಮಳೆಗೆ ಹೊರಗೆ ಕಾಲಿಡುವಂತಿರಲಿಲ್ಲ. ಬೆಳಿಗ್ಗೆ ದೊಡ್ಡ ಮಾವ ಪಡಸಾಲೆಯಿಂದ ನನ್ನನ್ನು ಕರೆದರು. ವಯಸ್ಸಾಗಿತ್ತು, ಕೈಯಲ್ಲಿ ಕೋಲು ಬಂದಿತ್ತು.

"ಯವ್ವಾ, ಮಂದಿ ಹಸದಾರ. ಹಿಟ್ಟ ಐತೆಲ್ಲ, ನಾಕ ರೊಟ್ಟಿ ಬಡಿ."

ನನಗೆ ಅಳು ಬಂತು. ಅಳುತ್ತಲೇ ಹೇಳಿದೆ, "ಇವತ್ತ ರವಿವಾರ ಐತ್ರಿ ಮಾವಾರ."

ಸತ್ತ ಮನೆಯಲ್ಲಿ ಸೊಸೆ ಆಡುವ ಮಾತೇ ಇದು ಎಂದು ಊರಿನ ಹೆಂಗಸೊಬ್ಬಳು ಬಾಯಿ ತೆರೆದಳು. ದೊಡ್ಡ ಮಾವ ಆಕೆಯ ಕಡೆ ಕೋಲು ಎತ್ತಿ ಸುಮ್ಮನಿರಿಸಿದರು. ಆಮೇಲೆ ನನ್ನ ಗಂಡನ ಕಡೆ ತಿರುಗಿ, "ಹೋಗಪಾ, ಬಜಾರದಾಗ ಪಾವ್ ಸಿಗ್ತಾವ, ಎಲ್ಲಾರಿಗೂ ತೊಗೊಂಡು ಬಾ" ಎಂದರು.

ಜೋಳದ ರೊಟ್ಟಿಯ ಮಂದಿಯೆಲ್ಲ ಅಂದು ಚಹಾದಲ್ಲಿ ಪಾವ್ ಅದ್ದಿಕೊಂಡು ತಿಂದರು. ನಾನು ಕೊಡೆ ತೆಗೆದುಕೊಂಡು ಬಸ್ಸು ಹತ್ತಿದೆ. ದಂಡೆಯಲ್ಲಿ ಮಳೆ ಬಿಟ್ಟರೆ ಏನೂ ಇರಲಿಲ್ಲ, ಒಂದು ಹಕ್ಕಿಯೂ ಇರಲಿಲ್ಲ. ಸಂಜೆಯವರೆಗೆ ಕೂತೇ ಬಂದೆ.